ಕುಕೂ ಪಿಚ್ ಹತ್ತಿದ ಡೆಸ್ಮಂಡ್ ಪ್ರೋಬರ್ಟ್

ಡೆಸ್ಮಂಡ್ ಪ್ರೋಬರ್ಟನ ಪ್ಯಾಂಟು ಹರಿದದ್ದು ಏಪ್ರಿಲ್ ತಿಂಗಳ ಒಂದು ಭಾನುವಾರ, ಮಧ್ಯಾಹ್ನ ಎರಡೂ ಇಪ್ಪತ್ತಕ್ಕೆ, ಹದಿನಾಲ್ಕು ಜನರ ಸಮಕ್ಷಮದಲ್ಲಿ. ಹರಿದದ್ದು ಹಿಂಬದಿ. ಹದಿನಾಲ್ಕು ಜನ ನಿಂತಿದ್ದದ್ದೂ ಹಿಂಬದಿಯಲ್ಲೇ.

ಜಾಗ ಕುಕೂ ಪಿಚ್‌ನ ಬುಡ. ಹೆರಿಫರ್ಡ್‌ಶೈರಿನಲ್ಲಿ ಪಿಚ್ ಎಂದರೆ ಕ್ರಿಕೆಟ್ಟಿಗೆ ಸಂಬಂಧಪಟ್ಟದ್ದಲ್ಲ. ಉಸಿರು ಕಟ್ಟಿಕೊಂಡು ಹತ್ತಬೇಕಾದ ಕಡಿದಾದ ಏರು. ಆ ಏರಿನ ಬುಡದಲ್ಲಿ ಹೊಸದಾಗಿ ಒಂದು ಗೇಟು ಎದ್ದಿತ್ತು. ಗೇಟಿಗೆ ಬೀಗ, ಬೀಗದ ಪಕ್ಕ ‘ಖಾಸಗಿ’ ಎಂಬ ಫಲಕ, ಎಲ್ಲಕ್ಕೂ ಮೇಲೆ ಮುಳ್ಳುತಂತಿ. ಜಮೀನಿನ ಹೊಸ ಮಾಲೀಕ ಲಿಟ್ಲ್ ವೆನ್‌ಬರಿ ಊರಿಗೆ ಕಳಿಸಿದ ಮೊದಲ ತಂತಿಯೇ ಮುಳ್ಳುತಂತಿ. ಡೆಸ್ಮಂಡ್ ಬಲಗಾಲನ್ನು ಆಚೆ ಹಾಕಿದ. ಎಡಗಾಲು ಈಚೆ ಇತ್ತು. ನಡುವೆ ಸಿಕ್ಕಿದ್ದನ್ನು ತಂತಿ ಹಿಡಿದುಕೊಂಡಿತು. ಪಿಚ್ ಹತ್ತಿ ಪೆಚ್ಚಾದವರು ಆ ಊರಿನಲ್ಲಿ ಬಹಳ ಮಂದಿ. ಹತ್ತುವ ಮೊದಲೇ ಪೆಚ್ಚಾದವನು ಇವನೊಬ್ಬನೇ.

ಬೇರೆ ಕಡೆಯ ಜನವಾಗಿದ್ದರೆ ಇಬ್ಬರು ನಗುತ್ತಿದ್ದರು, ಇಬ್ಬರು ಓಡಿ ಬಂದು ಕಾಲು ಹಿಡಿದು ಎತ್ತುತ್ತಿದ್ದರು. ಲಿಟ್ಲ್ ವೆನ್‌ಬರಿ ಕಾಲುಹಾದಿ ಸಮಿತಿಯ ಹದಿನಾಲ್ಕು ಸದಸ್ಯರು ಹಾಗೇನೂ ಮಾಡಲಿಲ್ಲ. ಒಟ್ಟಿಗೆ, ಯಾರೋ ಸೀಟಿ ಊದಿದ ಹಾಗೆ, ಪಶ್ಚಿಮಕ್ಕೆ ತಿರುಗಿ ನಿಂತು ಬೆಟ್ಟ ನೋಡತೊಡಗಿದರು.

“ಬ್ಲ್ಯಾಕ್ ಮೌಂಟನ್ಸ್ ಇವತ್ತು ಎಷ್ಟು ಚೆನ್ನಾಗಿ ಕಾಣ್ತಿವೆ ಅಲ್ವಾ!” ಅಂದಳು ಸಮಿತಿಯ ಕಾರ್ಯದರ್ಶಿ ಹೆಸ್ಟರ್ ಲವಿಬಾಂಡ್.

“ತುಂಬಾ ಸ್ಪಷ್ಟ, ತುಂಬಾ ಸ್ಪಷ್ಟ,” ಅಂದಿತು ಒಂದು ಗಂಡು ದನಿ.

ಅಂದು ದಟ್ಟ ಮಂಜು. ಮೂರನೆಯ ಹೊಲದಾಚೆ ಏನೇನೂ ಕಾಣುತ್ತಿರಲಿಲ್ಲ. ಆದರೂ ಹದಿನಾಲ್ಕು ಜನ ಏಳು ನಿಮಿಷ ಆ ಮಂಜನ್ನೇ ಕಣ್ತುಂಬ ನೋಡಿ ಮೆಚ್ಚಿದರು. ಅಷ್ಟರಲ್ಲಿ ಡೆಸ್ಮಂಡ್ ತನ್ನನ್ನು ತಾನು ಬಿಡಿಸಿಕೊಂಡು ಗೇಟಿನಾಚೆ ಇಳಿದು, ಮಳೆಕೋಟನ್ನು ಸೊಂಟಕ್ಕೆ ಸುತ್ತಿಕೊಂಡ. ಅವನ ಪ್ಯಾಂಟಿನ ಒಂದು ತುಂಡು ಮಾತ್ರ ತಂತಿಯ ಮೇಲೆ ಉಳಿದು, ಸಣ್ಣ ಬಾವುಟದ ಹಾಗೆ ಆಡುತ್ತಿತ್ತು.

ನಾಚಿಕೆಯಾಗಬೇಕು ಎಂದು ಅವನಿಗೆ ಗೊತ್ತಿತ್ತು. ಸ್ವಲ್ಪ ಹೊತ್ತು ಕಾದ. ಆಗಲಿಲ್ಲ. ಹಿಂಬದಿಗೆ ಗಾಳಿ ತಣ್ಣಗೆ ತಗಲುತ್ತಿದೆ, ಇಷ್ಟು ಮಾತ್ರ ಗಮನಕ್ಕೆ ಬಂತು.

ಏನಾದರೂ ಆಗಬೇಕಾದಾಗ ಏನೂ ಆಗದೆ ಇರುವುದು ಅವನಿಗೆ ಹೊಸದಲ್ಲ. ಇಪ್ಪತ್ತೆರಡು ವರ್ಷದಿಂದ ಹಾಗೆಯೇ.

ಡೆಸ್ಮಂಡ್ ಮೂವತ್ತಮೂರು ವರ್ಷ ಸೇಬಿನ ಮದ್ಯ ತಯಾರಿಸುವ ಸೈಡರ್ ಗಿರಣಿಯ ವೇಬ್ರಿಡ್ಜಿನಲ್ಲಿ ಕೆಲಸ ಮಾಡಿದವನು. ಸೇಬಿನ ಲಾರಿ ಬಂದಾಗ ತೂಗುವುದು, ಖಾಲಿಯಾಗಿ ಹೋಗುವಾಗ ಇನ್ನೊಮ್ಮೆ ತೂಗುವುದು, ಎರಡರ ನಡುವಿನ ವ್ಯತ್ಯಾಸವನ್ನು ಬರೆದಿಡುವುದು. ಊರಿನವರ ಪಾಲಿಗೆ ಅವನು ಅಕ್ಷರಶಃ ತೂಕದ ಮನುಷ್ಯ. ಬೆಳಗಿನ ಐದಕ್ಕೆ ಪಾಳಿ ಶುರು, ಮಧ್ಯಾಹ್ನ ಒಂದಕ್ಕೆ ಮುಕ್ತಾಯ. ಮನೆಗೆ ಬಂದರೆ ಹೆಂಡತಿ ಥೆಲ್ಮಾ ಇರುತ್ತಿದ್ದಳು. ಬಾಯಿ ತುಂಬ ಮಾತಾಡುವ ಹೆಂಗಸು. ಅವಳು ಮಾತಾಡುತ್ತಿದ್ದಳು, ಅವನು ತಿನ್ನುತ್ತಿದ್ದ. ಇಬ್ಬರ ಬಾಯಿಗೂ ಬಿಡುವಿರುತ್ತಿರಲಿಲ್ಲ.

ಮಾರ್ಚ್ ತಿಂಗಳ ಒಂದು ಬುಧವಾರ ಥೆಲ್ಮಾ ಹಿತ್ತಲಲ್ಲಿ ಬಟಾಣಿ ಬಿತ್ತಲೆಂದು ಕುಕ್ಕರಗಾಲಲ್ಲಿ ಕೂತವಳು ಮೇಲೇಳಲಿಲ್ಲ. ಅವಳಿಗೆ ನಲವತ್ತೈದು, ಅವನಿಗೆ ನಲವತ್ತಾರು. ಹೂತು ಬಂದ ಮೇಲೆ ಪಾದ್ರಿ ಬಂದು, ಎಲ್ಲವನ್ನೂ ಕಾಲಕ್ಕೆ ಬಿಡು ಎಂದರು. ಡಾಕ್ಟರು, ಕಾಲಿಗೆ ಕೆಲಸ ಕೊಡು ಎಂದರು. ಕಾಲದ ಬಗ್ಗೆ ಅವನಿಗೆ ಹೆಚ್ಚು ತಿಳಿದಿರಲಿಲ್ಲ. ಕಾಲುಗಳು ಇದ್ದವು. ಮರುದಿನ ಎರಡು ಗಂಟೆಗೆ ಮನೆಯಿಂದ ಹೊರಟ, ನಾಲ್ಕಕ್ಕೆ ವಾಪಸು ಬಂದ.

ಥೆಲ್ಮಾ ಫ್ರೀಜರಿನಲ್ಲಿ ಹನ್ನೊಂದು ಡಬ್ಬಿ ಕುರಿಮಾಂಸದ ಸಾರು ಮಾಡಿಟ್ಟಿದ್ದಳು. ಪ್ರತಿಯೊಂದರ ಮೇಲೂ ಅವಳ ಕೈಬರಹದ ಚೀಟಿ. ಅವನ್ನು ಹಾಗೇ ಇಟ್ಟುಕೊಳ್ಳಬಹುದಿತ್ತು, ಅಥವಾ ಅಳುತ್ತಾ ತಿನ್ನಬಹುದಿತ್ತು. ಅವನು ಹಸಿವಾದಾಗ ಬಿಸಿ ಮಾಡಿ ತಿಂದ. ಕೊನೆಯ ಡಬ್ಬಿ ಖಾಲಿಯಾದದ್ದು ಗೊತ್ತಾದದ್ದು ಮಾರನೆಯ ದಿನ, ಇನ್ನೊಂದಕ್ಕಾಗಿ ಕೈ ಹಾಕಿದಾಗ. ಫ್ರೀಜರಿನ ಬಾಗಿಲು ಮುಚ್ಚಿ, ಬ್ರೆಡ್ಡು ಸುಟ್ಟುಕೊಂಡ.

ಊರಿನವರು ಮಾತ್ರ ಅವನ ದುಃಖವನ್ನು ಅವನಿಗಿಂತ ಚೆನ್ನಾಗಿ ನೋಡಿಕೊಂಡರು. ಅಂಗಡಿಯ ಡಿಲಿಸ್, ಅಂಚೆಯವನು, ನಾಯಿ ತಿರುಗಿಸುವವರು, ಯಾರು ಎದುರಾದರೂ ಕತ್ತನ್ನು ಎಡಕ್ಕೆ ಒಂದಿಷ್ಟು ಓರೆ ಮಾಡಿ, ದನಿಯನ್ನು ಒಂದು ಮೆಟ್ಟಿಲು ಇಳಿಸಿ ಕೇಳುತ್ತಿದ್ದರು:

“ಹೇಗಿದ್ದೀಯಾ, ಡೆಸ್?”

“ತೀರಾ ಕೆಟ್ಟಿಲ್ಲ.”

“ನಿಜವಾಗ್ಲೂ ಹೇಗಿದ್ದೀಯಾ?”

“ತೀರಾ ಕೆಟ್ಟಿಲ್ಲ, ಡಿಲಿಸ್.”

“ಪಾಪ, ತೋರಿಸ್ಕೊಳ್ಳಲ್ಲ,” ಎಂದು ಆಕೆ ಅವನ ಎದುರಿಗೇ ಮುಂದಿನ ಗಿರಾಕಿಗೆ ಹೇಳುತ್ತಿದ್ದಳು. ತೋರಿಸಲು ಏನೂ ಇಲ್ಲ ಎಂದು ಹೇಳಿಬಿಡುವಷ್ಟು ಒರಟನಲ್ಲ ಡೆಸ್ಮಂಡ್. ಜನ ಅಷ್ಟು ಮುತುವರ್ಜಿಯಿಂದ ಕೊಟ್ಟ ದುಃಖವನ್ನು ಬೇಡ ಎನ್ನುವುದು ಹೇಗೆ? ಇಪ್ಪತ್ತೆರಡು ವರ್ಷ ಅದನ್ನು ಅವರಿಗಾಗಿ ಹೊತ್ತುಕೊಂಡೇ ಇದ್ದ.

ಆದರೆ ಎರಡರಿಂದ ನಾಲ್ಕರವರೆಗೆ ಹೊರುವುದಿರಲಿಲ್ಲ. ಚರ್ಚಿನ ಹಿಂಬದಿಯಿಂದ ಹೊರಟು, ಬಂದಳಿಕೆ ಜೋತುಬಿದ್ದ ಸೇಬಿನ ತೋಟ ದಾಟಿ, ಎರಡು ಕಡೆಯೂ ತಲೆಗಿಂತ ಎತ್ತರದ ಕೆಂಪು ಮಣ್ಣಿನ ದರೆಗಳ ನಡುವೆ ಇಳಿದು, ಕುಕೂ ಪಿಚ್ ಹತ್ತಿ, ಮೇಲಿನ ಕಲ್ಲಿನ ತೊಟ್ಟಿಯ ಹತ್ತಿರ ಒಂದು ನಿಮಿಷ ನಿಂತು, ಆಚೆ ಕಡೆ ಹಳ್ಳದ ಗುಂಟ ಮನೆಗೆ ಮರಳುವುದು. ಆ ಸೀಮೆಯ ಚೆಲುವು ನೋಡಲು ಜನ ದೂರದೂರದಿಂದ ಬರುತ್ತಾರೆ. ‘ಮನಸೂರೆಗೊಳ್ಳುವ ಇಪ್ಪತ್ತು ನಡಿಗೆಗಳು’ ಎಂಬ ಕಿರುಹೊತ್ತಿಗೆಯನ್ನು ಹೆಸ್ಟರಳೇ ಬರೆದು ಅಚ್ಚು ಹಾಕಿಸಿದ್ದಳು. ಪುಟಕ್ಕೆ ಮೂರರಂತೆ ಮೈನವಿರೇಳುತ್ತಿದ್ದವು. ಡೆಸ್ಮಂಡನ ನವಿರು ಎಲ್ಲಿದ್ದವೋ ಅಲ್ಲಿಯೇ ಇರುತ್ತಿದ್ದವು. ಮೇ ತಿಂಗಳಲ್ಲಿ ಮರಗಳ ಕೆಳಗೆಲ್ಲ ನೀಲಿ ಹೂ ಹಾಸಿಕೊಂಡರೆ ‘ನೀಲಿ’ ಅಂದುಕೊಳ್ಳುತ್ತಿದ್ದ. ಅಕ್ಟೋಬರಿನಲ್ಲಿ ಬೀಚ್ ಮರ ಹೊತ್ತಿ ಉರಿದ ಹಾಗೆ ಕಂಡರೆ ‘ಕೆಂಪು’. ಕೆನ್ನೆ ಬಿಳಿಯ ಹಸುಗಳು ತಲೆಯೆತ್ತಿ ನೋಡಿ ಮತ್ತೆ ಮೇಯಲು ಬಗ್ಗುತ್ತಿದ್ದವು. ಅವು ಕತ್ತನ್ನು ನೇರವಾಗಿಟ್ಟುಕೊಂಡೇ ನೋಡುತ್ತಿದ್ದವು.

ಗೇಟು ಬಂದದ್ದು ಒಂದು ಮಂಗಳವಾರ. ಅಂದು ಡೆಸ್ಮಂಡ್ ಗೇಟಿನ ಮುಂದೆ ಸ್ವಲ್ಪ ಹೊತ್ತು ನಿಂತ. ಫಲಕವನ್ನು ಎರಡು ಸಲ ಓದಿದ, ಇರುವುದು ಒಂದೇ ಪದವಾದರೂ. ಆಮೇಲೆ ತಿರುಗಿ, ಊರೊಳಗಿನ ದಾರಿ ಹಿಡಿದ. ಎರಡೂ ಮುಕ್ಕಾಲಿಗೆ ಅವನು ಅಂಗಡಿಯ ಮುಂದೆ ಹಾದುಹೋದದ್ದನ್ನು ನೋಡಿ ಡಿಲಿಸ್ ಬಾಗಿಲಿಗೇ ಓಡಿಬಂದಳು.

“ಡೆಸ್! ಏನಾಯ್ತು? ಇಷ್ಟೊತ್ತಲ್ಲಿ ಇಲ್ಲಿ?”

“ಕುಕೂ ಪಿಚ್‌ಗೆ ಗೇಟು ಹಾಕಿದ್ದಾರೆ.”

ಅಷ್ಟೇ ಹೇಳಿದ್ದು. ಐದು ಗಂಟೆಗೆ ಹೆಸ್ಟರ್ ಲವಿಬಾಂಡ್ ಅವನ ಅಡುಗೆಮನೆಯಲ್ಲಿದ್ದಳು.

ಹೆಸ್ಟರಳಿಗೆ ಎಪ್ಪತ್ತೊಂದು. ನಿವೃತ್ತ ವ್ಯಾಯಾಮ ಶಿಕ್ಷಕಿ. ಊರಿನ ಅರ್ಧ ಜನಕ್ಕೆ ಲಾಗ ಹಾಕುವುದನ್ನು ಕಲಿಸಿದವಳು, ಇನ್ನರ್ಧ ಜನಕ್ಕೆ ಕಲಿಸಲು ಹೋಗಿ ಸೊಂಟ ಮುರಿದವಳು. ಈಗ ಅವಳ ಜೀವವೆಲ್ಲ ಕಾಲುಹಾದಿಗಳಲ್ಲಿ. ಸಮಿತಿಯಲ್ಲಿ ಎರಡು ಪಂಗಡ: ಹಕ್ಕಿಯವರು, ಹಕ್ಕಿನವರು. ಹಕ್ಕಿಯವರ ಕೊರಳಲ್ಲಿ ದುರ್ಬೀನು. ಹಕ್ಕಿನವರ ಕಂಕುಳಲ್ಲಿ ನಕ್ಷೆ. ಹೆಸ್ಟರ್ ಹಕ್ಕಿನವರ ಪೈಕಿ. ಅವಳು ಡೆಸ್ಮಂಡನ ಮೇಜಿನ ಮೇಲೆ ನಕ್ಷೆ ಹಾಸಿ, ಸಕ್ಕರೆ ಡಬ್ಬಿಯನ್ನೂ ಟೀಪಾಟನ್ನೂ ಅದರ ಮೂಲೆಗಳ ಮೇಲೆ ಹೇರಿದಳು.

“ನೋಡು. ಕುಕೂ ಪಿಚ್ ಈ ನಕ್ಷೇಲೇ ಇಲ್ಲ. ಸರ್ಕಾರದ ಲೆಕ್ಕದಲ್ಲಿ ಅಲ್ಲಿ ದಾರಿ ಅನ್ನೋದೇ ಇಲ್ಲ. ಎಷ್ಟು ವರ್ಷದಿಂದ ಅಲ್ಲಿ ನಡೀತಿದ್ದೀಯ?”

“ಇಪ್ಪತ್ತೆರಡು, ಮಿಸ್ ಲವಿಬಾಂಡ್.”

“ವಾರಕ್ಕೆಷ್ಟು ಸಲ?”

“ದಿನಾ.”

“ದಿನಾ ಅಂದ್ರೆ?”

“ದಿನಾ. ಕ್ರಿಸ್ಮಸ್ಸಿನ ದಿನ ಸ್ವಲ್ಪ ಬೇಗ.”

ಹೆಸ್ಟರಳ ಕಣ್ಣಲ್ಲಿ ನೀರು ಬಂತು. ಬೇರೆ ದೇಶದವಳಾಗಿದ್ದರೆ ಅವನನ್ನು ಅಪ್ಪಿಕೊಳ್ಳುತ್ತಿದ್ದಳು. ಇವಳು ಕೇಳದೆಯೇ ಎರಡನೆಯ ಬಿಸ್ಕತ್ತು ತೆಗೆದುಕೊಂಡಳು.

“ಇಪ್ಪತ್ತು ವರ್ಷ, ಡೆಸ್ಮಂಡ್! ಕಾನೂನಿಗೆ ಬೇಕಾಗಿರೋದು ಇಪ್ಪತ್ತೇ ವರ್ಷ. ಜನ ಇಪ್ಪತ್ತು ವರ್ಷ ಬಿಡದೆ ನಡೆದ್ರೆ ಅದು ಸಾರ್ವಜನಿಕರ ದಾರಿ ಆಗ್ಬಿಡುತ್ತೆ. ಆಮೇಲೆ ದೊರೆ ಬಂದ್ರೂ ಮುಚ್ಚೋ ಹಾಗಿಲ್ಲ. ಆದ್ರೆ ಮೂರು ಷರತ್ತು. ಬೇಲಿ ಮುರಿದು ಹೋಗಿರಬಾರದು. ಕದ್ದು ಹೋಗಿರಬಾರದು. ಕೇಳಿ ಹೋಗಿರಬಾರದು.”

“ಕೇಳಿ ಹೋದ್ರೆ ತಪ್ಪಾ?”

“ಎಲ್ಲಕ್ಕಿಂತ ದೊಡ್ಡ ತಪ್ಪು ಅದೇ. ಕೇಳಿದ್ರೆ ಅವನು ಕೊಟ್ಟ ಹಾಗಾಯ್ತು. ಕೇಳದೇ ಹೋದ್ರೆ ನಮ್ಮದಾಯ್ತು. ಮುದುಕ ಗ್ವಿಲಿಯಂನ ಯಾವತ್ತಾದ್ರೂ ಕೇಳಿದ್ದೀಯಾ?”

ವಿನ್ ಗ್ವಿಲಿಯಂ ಎಂದರೆ ಆ ಜಮೀನಿನ ಹಳೆಯ ಒಡೆಯ. ಹಿಂದಿನ ವರ್ಷ ತೀರಿಕೊಂಡಿದ್ದ.

“ಇಲ್ಲ.”

“ದೇವರು ದೊಡ್ಡವನು,” ಅಂದಳು ಹೆಸ್ಟರ್.

ಕತ್ತಲಲ್ಲಿ ದೀಪದ ಕಂಬಕ್ಕೆ ಡಿಕ್ಕಿ ಹೊಡೆದರೆ ಕಂಬದ ಕ್ಷಮೆ ಕೇಳುವ ಜನ ಅವರು. ಅಂಥವರ ನಾಡಿನಲ್ಲಿ ದಾರಿಯ ಮೇಲೆ ಹಕ್ಕು ಬರಬೇಕಾದರೆ ಇಪ್ಪತ್ತು ವರ್ಷ ಒಂದು ದಿನವೂ ತಪ್ಪದೆ ಮರ್ಯಾದೆಗೆಟ್ಟು ನಡೆದಿರಬೇಕು. ಇಡೀ ಊರಿನಲ್ಲಿ ಆ ನಡತೆ ಅಷ್ಟು ಅಚ್ಚುಕಟ್ಟಾಗಿ ಇದ್ದದ್ದು ಡೆಸ್ಮಂಡನೊಬ್ಬನಿಗೇ.

“ಇನ್ನೊಂದು,” ಅಂದಳು ಹೆಸ್ಟರ್, “ನಡೆದವರು ಸಾರ್ವಜನಿಕರಾಗಿರಬೇಕು. ಸಾರ್ವಜನಿಕರು ಅಂದ್ರೆ ಬಹುವಚನ. ನೀನೊಬ್ಬನೇ ನೂರು ವರ್ಷ ನಡೆದ್ರೂ ಪ್ರಯೋಜನವಿಲ್ಲ.”

ಅವನನ್ನು ನಲವತ್ತು ವರ್ಷದಿಂದ ಏಕವಚನದಲ್ಲೇ ಕಂಡವಳು ಆಕೆ. ಏಕವಚನ ಅವನಿಗೂ ಒಗ್ಗಿಹೋಗಿತ್ತು.

“ಮತ್ತೆ?”

“ಅದರ ಚಿಂತೆ ಬಿಡು. ಭಾನುವಾರ ಬೆಳಿಗ್ಗೆ ಹೋಗಿದ್ದವರು, ಬ್ಲ್ಯಾಕ್‌ಬೆರಿ ಕೀಳೋಕೆ ಹೋಗಿದ್ದವರು, ಚಿಕ್ಕವರಿದ್ದಾಗ ಅಲ್ಲಿ ಯಾರ್ಯಾರಿಗೋ ಮುತ್ತು ಕೊಟ್ಟವರು, ಎಲ್ಲರ ಕೈಲೂ ಹೇಳಿಕೆ ಬರೆಸ್ತೀನಿ. ಆದ್ರೆ ಬೆನ್ನೆಲುಬು ನೀನು. ಗೆದ್ದ ಮೇಲೆ ನೋಡ್ತಿರು! ಕೈಮರ ನೆಡಿಸ್ತೀನಿ. ತೊಟ್ಟಿ ಹತ್ರ ಬೆಂಚು ಹಾಕಿಸ್ತೀನಿ. ಕಿರುಹೊತ್ತಿಗೇಲಿ ಇಪ್ಪತ್ತೊಂದನೇ ನಡಿಗೆ! ಬಸ್ಸು ಬಸ್ಸು ಜನ ಬರ್ತಾರೆ, ಡೆಸ್ಮಂಡ್, ಬರ್ಮಿಂಗ್‌ಹ್ಯಾಮಿಂದ!”

“ಓ,” ಅಂದ ಡೆಸ್ಮಂಡ್.

ಗೇಟು ನೋಡಲೆಂದು ಭಾನುವಾರ ಸಮಿತಿ ಹೊರಟದ್ದು, ದಾರಿ ಚೆನ್ನಾಗಿ ಬಲ್ಲವನು ಮೊದಲು ದಾಟಲಿ ಎಂದು ಹೆಸ್ಟರ್ ಅವನನ್ನು ಮುಂದಕ್ಕೆ ತಳ್ಳಿದ್ದು, ಪ್ಯಾಂಟು ಹರಿದದ್ದು, ಎಲ್ಲ ಇದರ ಫಲ. ಅವನು ಸಿಕ್ಕಿಕೊಂಡದ್ದನ್ನು ನೋಡಿದ ಮೇಲೆ ಉಳಿದ ಹದಿನಾಲ್ಕು ಜನ ಗೇಟು ದಾಟುವ ಆಸೆ ಬಿಟ್ಟು ಅರ್ಜಿ ಹಾಕುವುದೇ ಮೇಲೆಂದು ತೀರ್ಮಾನಿಸಿದರು. ಅವನೂ ಅದೇ ತಂತಿಯ ಮೇಲೆ, ಈ ಸಲ ಜಾಗ್ರತೆಯಾಗಿ, ಹಿಂದಕ್ಕೆ ಬಂದ.

ಅರ್ಜಿ ಹೋಯಿತು. ವಿಚಾರಣೆ ಅಕ್ಟೋಬರಿಗೆ ಎಂದು ಕಾಗದ ಬಂತು. ಅಲ್ಲಿಯವರೆಗೆ ಗೇಟು ಹಾಗೇ ಇರುತ್ತದೆ ಎಂದೂ ಅದರಲ್ಲಿತ್ತು.

ಆಗ ಡೆಸ್ಮಂಡನಿಗೆ ಎರಡು ಗಂಟೆ ಕೈಯಲ್ಲಿ ಉಳಿಯಿತು. ಮಿಲ್ ಲೇನಿನಲ್ಲಿ ನಡೆದು ನೋಡಿದ. ಡಿಲಿಸಳ ತಂಗಿ ಸಿಕ್ಕಳು, ಅಂಚೆಯವನು ಸಿಕ್ಕ, ಮೂರು ನಾಯಿ, ಮೂರಕ್ಕೂ ಒಬ್ಬೊಬ್ಬ ಒಡೆಯ. ಐದು ಕತ್ತುಗಳು ಎಡಕ್ಕೆ ವಾಲಿದವು. ಐದು ಸಲ “ತೀರಾ ಕೆಟ್ಟಿಲ್ಲ” ಅಂದು ಎರಡೂ ಇಪ್ಪತ್ತೈದಕ್ಕೆ ಮನೆ ಸೇರಿದ. ಹಳ್ಳದ ಗುಂಟ ಈ ಕಡೆಯಿಂದ ಹೋಗಿ ನೋಡಿದ. ಅಲ್ಲಿ ಹಕ್ಕಿಯವರು ಪೊದೆಯಲ್ಲಿ ಕೂತಿದ್ದರು, ತುಟಿಯ ಮೇಲೆ ಬೆರಳಿಟ್ಟುಕೊಂಡೇ ಕತ್ತು ವಾಲಿಸಿದರು. ಆಮೇಲೆ ಹೋಗುವುದನ್ನು ಬಿಟ್ಟ. ಊಟದ ತಟ್ಟೆ ತೊಳೆದಿಟ್ಟು ಅಡುಗೆಮನೆಯ ಕುರ್ಚಿಯಲ್ಲಿ ಕೂತು ನಲ್ಲಿಯನ್ನು ನೋಡುತ್ತಿದ್ದ. ನಲ್ಲಿ ಸೋರುತ್ತಿರಲಿಲ್ಲ. ಸೋರಿದ್ದರೆ ರಿಪೇರಿ ಮಾಡಬಹುದಿತ್ತು.

ಜೂನಿನಲ್ಲಿ ಒಂದು ದಿನ ಸರಿಯಾಗಿ ಎರಡು ಗಂಟೆಗೆ ಬಾಗಿಲು ತಟ್ಟಿದ ಸದ್ದಾಯಿತು. ತೆರೆದರೆ ಹೊಸ ಮಾಲೀಕ, ಪಿಯರ್ಸ್ ಆಲ್ಡಿಂಗ್ಟನ್. ನಲವತ್ತು ದಾಟಿದ, ಸಭ್ಯ, ಒದ್ದೆ ಬೂಟನ್ನು ಹೊರಗೇ ಬಿಟ್ಟು ಬಂದ ಮನುಷ್ಯ. ಅವನ ಕಾಲುಚೀಲದ ತೂತಿನಿಂದ ಹೆಬ್ಬೆರಳು ಹೊರಗೆ ಇಣುಕುತ್ತಿತ್ತು. ಇಬ್ಬರೂ ಅದನ್ನು ನೋಡಲಿಲ್ಲ.

“ಮಿಸ್ಟರ್ ಪ್ರೋಬರ್ಟ್, ನಿಮ್ಮ ಪ್ಯಾಂಟಿನ ವಿಷಯ ಕೇಳಿ ಬೇಜಾರಾಯ್ತು. ಕ್ಷಮಿಸ್ಬೇಕು.”

“ಇರ್ಲಿ ಸರ್. ಹಳೇದು.”

“ನನ್ನ ಹತ್ರ ಆರು ಹೆಣ್ಣುಕುದುರೆ ಇವೆ, ಎಲ್ಲಾ ಗಬ್ಬ. ಅಪರಿಚಿತರನ್ನ ಕಂಡ್ರೆ ಬೆದರ್ತವೆ. ನಾನು ಗೇಟು ಹಾಕಿದ್ದು ಜನಕ್ಕೆ, ನಿಮಗಲ್ಲ. ನೀವು ಯಾವಾಗ್ಲೂ ಹೋಗ್ತಿದ್ದಿರಂತೆ.” ಜೇಬಿನಿಂದ ಒಂದು ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟ. “ಇದು ನಿಮಗೆ. ನಿಮಗೊಬ್ರಿಗೆ. ಅರ್ಜಿ ಗಿರ್ಜಿ ಏನಾದ್ರೂ ಆಗ್ಲಿ, ನೀವು ನಾಳೆಯಿಂದ್ಲೇ ಹೋಗಿ.”

ಡೆಸ್ಮಂಡ್ ಅದನ್ನು ನೋಡಿದ. ಸಣ್ಣದು, ಹೊಸದು, ಹಿತ್ತಾಳೆಯದು. ಅವನೊಬ್ಬನಿಗೇ ಕುಕೂ ಪಿಚ್, ನಾಳೆ ಎರಡು ಗಂಟೆಗೆ. ಕೈ ಮೇಜಿನವರೆಗೂ ಹೋಯಿತು. ಆದರೆ ಹೆಸ್ಟರ್ ಅವನ ಕೈಯಲ್ಲಿ ಹೇಳಿಕೆ ಬರೆಸಿದ್ದಳು, ಕೆಳಗೆ ಅವನ ರುಜು ಇತ್ತು. ರುಜು ಹಾಕಿದ ಚೀಟಿಯ ಅಂಕೆಯನ್ನು ಅವನು ಮೂವತ್ತಮೂರು ವರ್ಷದಲ್ಲಿ ಒಂದು ಸಲವೂ ತಿದ್ದಿದವನಲ್ಲ.

“ತಗೊಂಡ್ರೆ ಕೇಳಿದ ಹಾಗಾಗುತ್ತೆ, ಸರ್.”

“ನೀವು ಕೇಳ್ಲಿಲ್ವಲ್ಲ, ನಾನೇ ಕೊಡ್ತಿದ್ದೀನಿ.”

“ಕೊಟ್ರೆ ಅಪ್ಪಣೆ ಅಂತಾರೆ. ಅಪ್ಪಣೆ ಇರಬಾರದಂತೆ.”

ಆಲ್ಡಿಂಗ್ಟನ್ ಬೀಗದ ಕೈಯನ್ನು ಮೇಜಿನ ಮೇಲೆ ಒಂದು ಸುತ್ತು ತಿರುಗಿಸಿದ. “ನೀವು ಅಪ್ಪಣೆ ಇಲ್ದೆ ಹೋಗ್ಬೇಕು, ನಾನು ಬೇಡ ಅನ್ನಬೇಕು. ಹಾಗಾ?”

“ಹಾಗೇ ಕಾಣುತ್ತೆ, ಸರ್. ಟೀ ಕುಡೀತೀರಾ?”

ಟೀ ಕುಡಿದರು. ಹವಾಮಾನದ ಬಗ್ಗೆ ಇಬ್ಬರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಆಲ್ಡಿಂಗ್ಟನ್ ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡು ಹೋದ ಮೇಲೆ ಡೆಸ್ಮಂಡ್ ಲೋಟ ತೊಳೆದ. ಗಡಿಯಾರ ನೋಡಿದ. ಎರಡೂ ಐವತ್ತು. ಅಂದಿನ ಮಟ್ಟಿಗೆ ಪರವಾಗಿಲ್ಲ, ಇನ್ನು ಒಂದು ಗಂಟೆ ಹತ್ತು ನಿಮಿಷ ಕಳೆದರೆ ಸಾಕು.

ಬೇಸಿಗೆಯೆಲ್ಲ ಹೆಸ್ಟರ್ ವಾರಕ್ಕೊಮ್ಮೆ ಬಂದು ಅವನನ್ನು ವಿಚಾರಣೆಗೆ ಅಣಿಗೊಳಿಸಿದಳು. ಅಡುಗೆಮನೆಯ ಆಚೆ ತುದಿಯಲ್ಲಿ ನಿಂತು, ತಾನೇ ಎದುರು ಪಕ್ಷದ ವಕೀಲೆಯಾಗಿ, ಸೌಟು ಆಡಿಸುತ್ತ ಪ್ರಶ್ನೆ ಹಾಕುವಳು.

“ಮಿಸ್ಟರ್ ಪ್ರೋಬರ್ಟ್, ಆ ದಾರಿಯಲ್ಲಿ ಏನು ನೋಡಿದಿರಿ?”

“ಹಸು.”

“ಬರೀ ಹಸು ಅನ್ನಬೇಡ, ಡೆಸ್ಮಂಡ್! ನೋಟ ಅನ್ನು. ಏಳು ಚರ್ಚಿನ ಗೋಪುರ ಕಾಣುತ್ತೆ ಅಂತ ಬರ್ದಿದ್ದೀನಲ್ಲ ನಾನು.”

“ಆರು, ಮಿಸ್. ಇನ್ನೊಂದು ದನದ ಮೇವು ತುಂಬೋ ಗೋಪುರ.”

“ದೂರದಿಂದ ಎಲ್ಲಾ ದೇವರಿಗೇ ಸೇರಿದ್ದು. ಮುಂದೆ. ನಿಮಗೆ ಆ ದಾರಿ ಅಂದ್ರೆ ಏನು?”

ಡೆಸ್ಮಂಡ್ ಯೋಚಿಸಿದ. “ಎರಡು ಗಂಟೆ,” ಅಂದ.

ಹೆಸ್ಟರ್ ಸೌಟು ಕೆಳಗಿಟ್ಟಳು. “ನಿನ್ನನ್ನ ಜಾಸ್ತಿ ತಯಾರು ಮಾಡೋದು ಬೇಡ,” ಅಂದಳು. “ನಡೆದದ್ದು ನಡೆದ ಹಾಗೆ ಹೇಳಿಬಿಡು.”

ನಡೆದದ್ದನ್ನು ಹೇಳುವುದು ಅವನಿಗೆ ಕಷ್ಟವಾಗಿರಲಿಲ್ಲ. ಅವನು ಮಾಡಿದ್ದೇ ನಡೆದದ್ದು.

ಅಕ್ಟೋಬರಿನ ಆ ದಿನ ಊರಿನ ಸಭಾಂಗಣ ತುಂಬಿತ್ತು. ಸೇಬಿನ ಸುಗ್ಗಿ, ತೆರೆದ ಕಿಟಕಿಗಳಲ್ಲಿ ಹಿಂಡಿದ ಸೇಬಿನ ಹುಳಿ ವಾಸನೆ. ಡಿಲಿಸ್ ಟೀ ಹಂಡೆಯ ಉಸ್ತುವಾರಿ ವಹಿಸಿದ್ದಳು. ಅದು ನಡುನಡುವೆ ಬುಸುಗುಟ್ಟಿ ಇಬ್ಬರು ಸಾಕ್ಷಿಗಳ ಮಾತನ್ನು ನುಂಗಿಹಾಕಿತ್ತು. ಹೇಳಿಕೆ ಬರೆದುಕೊಟ್ಟ ಮೂವತ್ತೊಂದು ಜನ ಮುಂದಿನ ಮೂರು ಸಾಲುಗಳಲ್ಲಿ ಚರ್ಚಿಗೆ ಹಾಕಿಕೊಳ್ಳುವ ಕೋಟು ತೊಟ್ಟು ಕೂತಿದ್ದರು. ಸರ್ಕಾರ ಕಳಿಸಿದ ವಿಚಾರಣಾಧಿಕಾರಿ ಟ್ರ್ಯಾಂಟರ್ ನೆಗಡಿಯಿಂದ ಮೂಗು ಕೆಂಪಾದ, ಸಣಕಲು, ಸಮಾಧಾನದ ಮನುಷ್ಯ. ಒಬ್ಬೊಬ್ಬರನ್ನೇ ಕರೆದು ಅವರು ಭಾನುವಾರಗಳನ್ನು ನೆನೆದದ್ದನ್ನು, ಬ್ಲ್ಯಾಕ್‌ಬೆರಿಗಳನ್ನು ನೆನೆದದ್ದನ್ನು, ಒಬ್ಬ ಎಂಬತ್ತರ ಮುದುಕಿ ಮುತ್ತುಗಳನ್ನು ನೆನೆದದ್ದನ್ನು ತಾಳ್ಮೆಯಿಂದ ಬರೆದುಕೊಂಡಿದ್ದರು.

ಊಟದ ನಂತರ, ಎರಡು ಗಂಟೆಗೆ, ಡೆಸ್ಮಂಡನ ಸರದಿ. ಹರಿಯದ ಪ್ಯಾಂಟು ತೊಟ್ಟು ಬಂದು ಕುರ್ಚಿಯಲ್ಲಿ ಕೂತ. ಎದೆ ಬಡಿದುಕೊಳ್ಳಬಹುದು ಎಂದು ಹೆಸ್ಟರ್ ಎಚ್ಚರಿಸಿದ್ದಳು. ಬಡಿದುಕೊಳ್ಳಲಿಲ್ಲ. ಗೆದ್ದರೆ ಬಸ್ಸು, ಸೋತರೆ ಗೇಟು. ಎರಡನ್ನೂ ತೂಗಿ ನೋಡಿದ್ದ, ಬೇಸಿಗೆಯಲ್ಲಿ, ನಲ್ಲಿಯ ಮುಂದೆ ಕೂತು. ವ್ಯತ್ಯಾಸ ಬಂದಿರಲಿಲ್ಲ.

ಆಲ್ಡಿಂಗ್ಟನ್‌ನ ಪರ ವಕೀಲೆ ಮಿಸ್ ಕ್ವಿಲ್ ಎದ್ದಳು. ಮೂವತ್ತರ ಆಸುಪಾಸು, ಪಟ್ಟಣದವಳು.

“ಮಿಸ್ಟರ್ ಪ್ರೋಬರ್ಟ್, ತೀರಿಹೋದ ಮಿಸ್ಟರ್ ಗ್ವಿಲಿಯಂ ನಿಮ್ಮನ್ನು ಆ ದಾರಿಯಲ್ಲಿ ನೋಡಿದ್ದುಂಟೇ?”

“ಉಂಟು, ಮೇಡಂ. ಕೆಳಗಿನ ಹೊಲದಿಂದ. ಟ್ರ್ಯಾಕ್ಟರ್ ಮೇಲಿಂದ.”

“ನೋಡಿ ಏನು ಮಾಡುತ್ತಿದ್ದರು?”

“ಬೆರಳು ಎತ್ತುತ್ತಿದ್ದ.”

ಸಭೆಯಲ್ಲಿ ಸಣ್ಣ ಕಲರವ. ಟ್ರ್ಯಾಂಟರ್ ತಲೆ ಎತ್ತಿದರು. “ಯಾವ ಬೆರಳು?”

“ತೋರುಬೆರಳು, ಸರ್. ಸ್ಟೀರಿಂಗ್ ಬಿಡದೆ, ಹೀಗೆ.” ಡೆಸ್ಮಂಡ್ ಗಾಳಿಯಲ್ಲಿ ಸ್ಟೀರಿಂಗ್ ಹಿಡಿದು ಬೆರಳೊಂದನ್ನು ಅರ್ಧ ಅಂಗುಲ ಎತ್ತಿ ಇಳಿಸಿದ.

“ಎತ್ತಿದರು!” ಮಿಸ್ ಕ್ವಿಲ್ ಹಿಗ್ಗಿ ಅಧಿಕಾರಿಯ ಕಡೆ ತಿರುಗಿದಳು. “ಸರ್, ಜಮೀನಿನ ಒಡೆಯ ನಡೆಯುವವನನ್ನು ಕಂಡಿದ್ದಾರೆ, ಕಂಡು ಸನ್ನೆ ಮಾಡಿದ್ದಾರೆ. ಹೋಗು ಎಂಬ ಸನ್ನೆ. ಇದು ಅಪ್ಪಣೆಯಲ್ಲದೆ ಇನ್ನೇನು? ವರ್ಷಕ್ಕೆ ಎಷ್ಟು ಸಲ ಎತ್ತಿರಬಹುದು, ಮಿಸ್ಟರ್ ಪ್ರೋಬರ್ಟ್?”

“ಕಂಡಾಗಲೆಲ್ಲ.”

“ಅಂದರೆ ಪದೇ ಪದೇ ನವೀಕರಿಸಿದ ಅಪ್ಪಣೆ!”

ಹೆಸ್ಟರ್ ಎರಡನೆಯ ಸಾಲಿನಲ್ಲಿ ಬಿಳಿಚಿಕೊಂಡಳು. ಆರು ತಿಂಗಳು ತರಬೇತಿ ಕೊಟ್ಟಿದ್ದಳು, ಬೆರಳಿನ ವಿಷಯ ಕೇಳಿರಲಿಲ್ಲ. ಅದು ಆ ಸೀಮೆಯಲ್ಲಿ ಕೇಳುವ ವಿಷಯವೇ ಅಲ್ಲ.

“ಅವನು ಎಲ್ಲರಿಗೂ ಎತ್ತುತ್ತಿದ್ದ, ಮೇಡಂ,” ಅಂದ ಡೆಸ್ಮಂಡ್. “ರಸ್ತೇಲಿ ಹಾಲಿನ ಲಾರಿ ಬಂದ್ರೂ ಎತ್ತುತ್ತಿದ್ದ. ಥೆಲ್ಮಾನ ಮಣ್ಣಿಗೆ ಸಾಗಿಸ್ತಿದ್ದ ಕಾರಿಗೂ ಎತ್ತಿದ. ಅವಳಿಗೆ ಹೋಗೋಕೆ ಅವನ ಅಪ್ಪಣೆ ಬೇಕಿತ್ತು ಅಂತ ನನಗನಿಸಲ್ಲ.”

ಯಾರೂ ನಗಲಿಲ್ಲ, ಅಳಲೂ ಇಲ್ಲ. ಟೀ ಹಂಡೆ ಬುಸುಗುಟ್ಟಿತು.

“ಆದರೂ, ಒಂದು ದಿನ ಅವರು ಎತ್ತದೆ ಇದ್ದಿದ್ದರೆ?” ಮಿಸ್ ಕ್ವಿಲ್ ಪಟ್ಟು ಬಿಡಲಿಲ್ಲ.

“ಎತ್ತದಿದ್ರೆ ನನ್ನ ಮೇಲೆ ಕೋಪ ಇದೆ ಅಂತ. ಆಗ್ಲೂ ಹೋಗ್ತಿದ್ದೆ. ಅವನ ಕೋಪ ಅವನದು.”

ಟ್ರ್ಯಾಂಟರ್ ಕರವಸ್ತ್ರದಲ್ಲಿ ಮೂಗು ಒರೆಸಿಕೊಂಡರು. “ಮಿಸ್ ಕ್ವಿಲ್, ನಾನು ಪಕ್ಕದ ಕೌಂಟಿಯ ಹಳ್ಳಿಯವನು. ನಮ್ಮ ಕಡೆಯೂ ಬೆರಳು ಎತ್ತುತ್ತಾರೆ. ನಿಮ್ಮ ಕಾರಿಗೂ ಇವತ್ತು ಬೆಳಿಗ್ಗೆ ಯಾರಾದರೂ ಎತ್ತಿರಬೇಕು.”

“ಇಬ್ಬರು ಎತ್ತಿದರು, ಸರ್. ನಾನು ಬೈಗುಳ ಅಂತ ತಪ್ಪು ತಿಳಿದುಕೊಂಡೆ,” ಅಂದಳು ಮಿಸ್ ಕ್ವಿಲ್.

“ಅದು ನಮಸ್ಕಾರ ಅಷ್ಟೇ. ಅಪ್ಪಣೆ ಎಂದು ಬರೆದುಕೊಳ್ಳಲಾರೆ.”

ಅವರು ಆ ಸಾಲನ್ನು ಹೊಡೆದುಹಾಕಿದ ಸದ್ದು ಹಿಂದಿನ ಬೆಂಚಿನವರೆಗೂ ಕೇಳಿಸಿತು. ಹೆಸ್ಟರ್ ಪಕ್ಕದವನ ಮೊಣಕೈಯನ್ನು ಹಿಸುಕಿದಳು. ಬೇಲಿ ಮುರಿದಿಲ್ಲ, ಕದ್ದಿಲ್ಲ, ಕೇಳಿಲ್ಲ. ಇಪ್ಪತ್ತೆರಡು ವರ್ಷ, ಒಂದು ದಿನವೂ ತಪ್ಪಿಲ್ಲ. ಮುಂದಿನ ಸಾಲುಗಳಲ್ಲಿ ಮೂವತ್ತೊಂದು ಸಾರ್ವಜನಿಕರು. ಗೆದ್ದ ಹಾಗೆಯೇ. ಮಿಸ್ ಕ್ವಿಲ್ ಕಾಗದಗಳನ್ನು ಜೋಡಿಸಿಕೊಂಡು, ಇನ್ನು ಪ್ರಶ್ನೆಗಳಿಲ್ಲ ಎಂದು ಕೂತಳು. ಆಲ್ಡಿಂಗ್ಟನ್ ನೆಲ ನೋಡುತ್ತಿದ್ದ.

ಡೆಸ್ಮಂಡ್ ಏಳಲು ಕುರ್ಚಿಯ ಕೈ ಹಿಡಿದ. ಟ್ರ್ಯಾಂಟರ್ ಪೆನ್ನಿಗೆ ಟೊಪ್ಪಿಗೆ ಹಾಕುತ್ತಿದ್ದವರು ನಿಲ್ಲಿಸಿದರು.

“ಒಂದು ನಿಮಿಷ, ಮಿಸ್ಟರ್ ಪ್ರೋಬರ್ಟ್. ಇದು ಬೇಕೇ ಬೇಕೆಂದೇನಿಲ್ಲ, ನನ್ನ ಕುತೂಹಲಕ್ಕೆ. ನಾನು ಹೋಗಿ ನೋಡಿ ಬಂದೆ. ಏರು ಕಡಿದು, ಕೆಸರು ಮಂಡಿಯವರೆಗೆ. ಈ ಊರಿನ ಸುತ್ತ ಇದಕ್ಕಿಂತ ಸುಲಭದ ಹಾದಿಗಳು ಬೇಕಾದಷ್ಟಿವೆ. ಇಷ್ಟು ವರ್ಷ ದಿನ ತಪ್ಪದೆ ಇದೊಂದನ್ನೇ ಯಾಕೆ ಹಿಡಿದಿರಿ?”

ಡಿಲಿಸ್ ಟೀ ಹಂಡೆಯನ್ನು ಆರಿಸಿ ಕರವಸ್ತ್ರ ತೆಗೆದುಕೊಂಡಳು. ಹೆಸ್ಟರ್ ಎರಡನೆಯ ಸಾಲಿನಿಂದ ಮುಂದಕ್ಕೆ ಬಾಗಿ, ದನಿಯಿಲ್ಲದೆ, ತುಟಿಯಲ್ಲೇ ‘ನೋಟ, ನೋಟ’ ಎಂದು ಹೇಳಿಕೊಡುತ್ತಿದ್ದಳು.

ಡೆಸ್ಮಂಡ್ ಪ್ರೋಬರ್ಟ್ ಪ್ರಶ್ನೆಯನ್ನು ಪ್ರಾಮಾಣಿಕವಾಗಿ ಯೋಚಿಸಿದ.

“ಅಲ್ಲಿ ಯಾರೂ ಬರಲ್ಲ, ಸರ್,” ಅಂದ. “ಇಪ್ಪತ್ತೆರಡು ವರ್ಷದಲ್ಲಿ ಒಬ್ಬರೂ ಎದುರು ಸಿಕ್ಕಿಲ್ಲ.”